ಹದಿನೈದರವರೆಗೆ

ಮುಖ ಕಾಣದ್ದರಿಂದ ನಮ್ಮ ಹೆಸರು ಬೆನ್ನ ಮೇಲೆ.
ಮಾರ್ಕರಿನಲ್ಲಿ 'ಹರಿಣಾಕ್ಷಿ' ಎಂದು ಬರೆದದ್ದು ಲವೀನಾ,
ಜಾಗ ಸಾಲದೆ 'ಕ್ಷಿ' ಕಂಕುಳಿನತ್ತ ಜಾರಿದೆ.
ಮೇ ತಿಂಗಳ ಮಂಗಳೂರು. ಪ್ಲಾಸ್ಟಿಕ್ ಅಂಗಿಯೊಳಗೆ ಬೆವರು
ಮೊಣಕಾಲು ದಾಟಿ ಬೂಟಿಗೆ ಇಳಿಯುವುದು ಗೊತ್ತಾಗುತ್ತದೆ.

ಏಳನೇ ಹಾಸಿಗೆ: ಮೋನಬ್ಬ, ಕಸಬಾ ಬೆಂಗರೆ.
ಕೊರಳ ಬಲಗಡೆ ಹೊಕ್ಕ ನಳಿಗೆ
ಎದೆಯ ಹೊಸ್ತಿಲಲ್ಲಿ ಹೋಗಿ ನಿಂತಿದೆ.
ಹೊರಗೆ ಮೂರು ಬಾಲ: ಕಂದು, ನೀಲಿ, ಬಿಳಿ.
ಪ್ರತಿ ಸಲ ಮದ್ದು ಹಾಕುವ ಮೊದಲು ಅದರ ಬಾಯಿಯನ್ನು
ಸ್ಪಿರಿಟ್ ಹತ್ತಿಯಲ್ಲಿ ತಿಕ್ಕಬೇಕು, ಹದಿನೈದು ಸೆಕೆಂಡು.
ಗೋಡೆಯ ಗಡಿಯಾರ ಕನ್ನಡಕದ ಹಬೆಯಾಚೆ,
ಹಾಗಾಗಿ ಎಣಿಸುತ್ತೇನೆ,
ಅಮ್ಮ ಬೀಡಿ ಎಣಿಸುವ ಲಯದಲ್ಲಿ:
ಒಂಜಿ, ರಡ್ಡ್, ಮೂಜಿ...
ಪದಿನೈನ್.

ಹತ್ತಕ್ಕೆ ನಿಲ್ಲಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ.
ನಿಲ್ಲಿಸಿದ್ದೇನೆ, ಒಮ್ಮೆ, ರಾತ್ರಿ ಪಾಳಿಯ ಕೊನೆಗೆ,
ಎರಡನೇ ಹಾಸಿಗೆಯ ಅಲಾರಂ ಕೂಗಿದಾಗ.
ಮರುದಿನ ಮೋನಬ್ಬರಿಗೆ ಜ್ವರ.
ರಕ್ತದ ಕಲ್ಚರ್ ವರದಿ ಬರುವ ತನಕ
ಎರಡು ದಿನ ನಾನು ಉಂಡೆನೋ ಇಲ್ಲವೋ ನೆನಪಿಲ್ಲ.
ಏನೂ ಬೆಳೆದಿರಲಿಲ್ಲ.
ಬಿಟ್ಟುಹೋದ ಆ ಐದನ್ನು ಮಾತ್ರ
ಹಾಸ್ಟೆಲಿನ ಮಂಚದಲ್ಲಿ ಮಲಗಿ ಎಣಿಸುತ್ತಿರುತ್ತೇನೆ:
ಪತ್ತೊಂಜಿ, ಪದ್ರಾಡ್.

ಗಡ್ಡದಿಂದಾಗಿ ಪಟ್ಟಿ ಅಂಟುತ್ತಿರಲಿಲ್ಲ.
ಕವುಚಿ ಮಲಗಿಸಿದ ಹದಿನಾರು ಗಂಟೆ ಕೊರಳು ಕೆಳಗೆ,
ಜೊಲ್ಲೂ ಬೆವರೂ ಅಂಚು ಎಬ್ಬಿಸುತ್ತವೆ.
ನಾಲ್ಕು ಮಂದಿ ಸೇರಿ ತಿರುಗಿಸುವಾಗ ಐದನೆಯವಳು ನಾನು,
ನನ್ನ ಕೆಲಸ ನಳಿಗೆಯೊಂದನ್ನೇ ಹಿಡಿದುಕೊಳ್ಳುವುದು.

ಮಗಳು ಮಿಸ್ರಿಯಾಳಿಗೆ ಫೋನ್ ಮಾಡಿ ಕೇಳಿದೆ,
"ಒಂದು ಬದಿಯ ಗಡ್ಡ ಸ್ವಲ್ಪ ತೆಗೆಯಬೇಕಿತ್ತು."
ತುಂಬ ಹೊತ್ತು ಮಾತಿಲ್ಲ. ಆಮೇಲೆ:
"ತೆಗೆಯುವುದಾದರೆ ಎರಡೂ ಬದಿ ಸಮ ತೆಗೆಯಿರಿ ಸಿಸ್ಟರ್.
ಬಾಪ ಮಂಜಿ ಕಟ್ಟಿದವರು, ಓರೆಕೋರೆ ಅವರಿಗೆ ಆಗುವುದಿಲ್ಲ.
ಎದ್ದ ಮೇಲೆ ನೀವೇ ಹೇಳಬೇಕು ಆಯ್ತಾ, ನಾನು ಹೇಳುವುದಿಲ್ಲ."

ಎದ್ದ ಮೇಲೆ. ಅವಳು ಹಾಗೆಯೇ ಹೇಳಿದ್ದು.

ದಿನಾ ಬೆಳಿಗ್ಗೆ ಡಾಕ್ಟರನ್ನು ಕೇಳುವುದು ನನ್ನ ಪಾಲಿನದು:
ಈ ಲೈನು ಇನ್ನೂ ಬೇಕಾ?
"ಇರಲಿ, ನಾಳೆ ನೋಡುವ."
ಇರಲಿ. ಇರಲಿ. ಪಟ್ಟಿಯ ಮೇಲೆ ಹೊಸ ತಾರೀಖು.
ಗಂಟಲ ಕೊಳವೆ ಹೋಗಿ ಮಾಸ್ಕ್ ಬಂತು,
ಹನ್ನೊಂದನೆಯ ದಿನ, "ತೆಗೆದುಬಿಡಿ."

ಮಂಚ ಸಪಾಟು ಮಾಡಿದೆ. ಹೊಲಿಗೆ ಕತ್ತರಿಸಿದೆ.
ಎಳೆಯುವಾಗ ಗಾಳಿ ಒಳಗೆ ನುಗ್ಗಬಾರದು,
ಅದಕ್ಕೆ ರೋಗಿ ಉಸಿರು ಕಟ್ಟಬೇಕು.
ಉಸಿರು ತಗೊಳ್ಳಿ, ತಗೊಳ್ಳಿ ಎಂದು
ಇಷ್ಟು ದಿನ ಕಿವಿಯಲ್ಲಿ ಕೂಗಿದವಳೇ
ಈಗ ಹೇಳುತ್ತೇನೆ: ಮೋನಬ್ಬಾಕ, ಉಸಿರು ಹಿಡಿಯಿರಿ.
ಅವರು ನನ್ನನ್ನೇ ನೋಡಿದರು,
ಇವಳಿಗೆ ತಲೆ ಸರಿ ಉಂಟಾ ಎಂಬ ಹಾಗೆ.
ಹಿಡಿದರು.

ಅದೇ ಬೆಳಿಗ್ಗೆ ನಾಲ್ಕನೆಯ ಹಾಸಿಗೆಯ ಲೈನನ್ನೂ ನಾನೇ ತೆಗೆದಿದ್ದೆ.
ತಲಪಾಡಿ ಬಸ್ಸಿನ ಕಂಡಕ್ಟರ್, ಮೂವತ್ತೆಂಟು ವರ್ಷ.
ಅವರಿಗೆ ಉಸಿರು ಹಿಡಿಯಿರಿ ಎನ್ನುವುದು ಬೇಕಿರಲಿಲ್ಲ.
ಆದರೂ ಹತ್ತಿಯನ್ನು ಐದು ನಿಮಿಷ ಒತ್ತಿ ಹಿಡಿದೆ.

ಇಲ್ಲಿ ಒತ್ತಿದ ಬೆರಳ ಕೆಳಗೆ ಏನೋ ತಟ್ಟುತ್ತಿದೆ,
ಎರಡು ಗ್ಲೌಸ್ ದಾಟಿ.
ತುದಿ ತುಂಡಾಗಿಲ್ಲ, ನೋಡಿಕೊಂಡೆ.
ಮೋನಬ್ಬ ನಿಧಾನ ಕೈಯೆತ್ತಿ ಗಲ್ಲ ಸವರಿದರು,
ಆಚೆ ಬದಿ, ಈಚೆ ಬದಿ,
ಹಲಗೆಯ ಸಂದಿಗೆ ತುರುಕಿದ ಹತ್ತಿ ನೋಡುವವರಂತೆ.
"ಯಾರು ತೆಗೆದದ್ದು?"

ನಾನು ಎಣಿಸುತ್ತಿದ್ದೆ.
ಸ್ವಲ್ಪ ತಡೆಯಿರಿ ಎಂದು ತಲೆಯಲ್ಲೇ ಸನ್ನೆ ಮಾಡಿದೆ.