ಕುರ್ಚಿಯಿಂದ ಏಳುವಾಗ

ಬೈತಖೋಲ ಬಂದರಿನ ಏರಿನ ಮೇಲೆ ನಮ್ಮ ಆರೋಗ್ಯ ಕೇಂದ್ರ.
ಲಸಿಕೆ ಇಡುತ್ತಿದ್ದ ಕೋಣೆ ಈಗ ನನ್ನದು:
ಒಂದು ಮಂಚ, ಎರಡು ಕುರ್ಚಿ, ಬಾಗಿಲಿಗೆ ಅಂಟಿಸಿದ ಕಾಗದ,
'ಸೊಂಟ, ಕುತ್ತಿಗೆ, ಗಂಟು ನೋವು: ಮೊದಲು ಇಲ್ಲಿ.'
ಆ 'ಮೊದಲು' ಬರೆದವಳು ನಾನೇ.
ಬರೆಯುವಾಗ ಕೈ ನಡುಗಿರಲಿಲ್ಲ.

ಇಷ್ಟು ವರ್ಷ ನನ್ನ ಬಳಿ ಬಂದವರೆಲ್ಲ
ಡಾಕ್ಟರ ಚೀಟಿ ಹಿಡಿದು ಬಂದವರು.
ಚೀಟಿಯಲ್ಲಿ ನೋವಿಗೊಂದು ಹೆಸರು,
ಹೆಸರಿನ ಕೆಳಗೆ ಬೇರೆಯವರ ಸಹಿ.
ನನ್ನದು ಬರೀ ಬಿಸಿನೀರ ಚೀಲ,
ಹತ್ತು ಸಲ ಮಡಿಸಿ, ಹತ್ತು ಸಲ ಚಾಚಿ.
ಈಗ ಚೀಟಿಯಿಲ್ಲ.
ನೋವು ನೇರ ಒಳಗೆ ಬಂದು
ಚಪ್ಪಲಿ ಬಿಟ್ಟು ಎದುರಿಗೆ ಕೂರುತ್ತದೆ.

ಕಲಿಸಲು ವಾರಕ್ಕೆರಡು ದಿನ ಬಾಂದೇಕರ ಮೇಡಂ ಬರುತ್ತಾರೆ.
ಮೂಲೆಯ ಸ್ಟೂಲಿನಲ್ಲಿ, ಗೋಡೆಯ ಹಲ್ಲಿಯ ಹಾಗೆ, ಸುಮ್ಮನೆ.
ನಾನೇನಾದರೂ ಬಿಟ್ಟರೆ ಮಾತ್ರ
ನಾಲಿಗೆಯಲ್ಲಿ ಲೊಚ್ ಎನ್ನುತ್ತಾರೆ.
ಅವರ ಪಾಠಕ್ಕೆ ಪುಸ್ತಕವಿಲ್ಲ:
"ಹೆಸರು ಕೇಳುವ ಮೊದಲೇ ನೋಡು.
ಕುರ್ಚಿಯಿಂದ ಏಳುವಾಗ ಯಾವ ಕೈ ಊರಿದರು,
ಹೊಸ್ತಿಲಲ್ಲಿ ಯಾವ ಕಾಲು ತಡೆಯಿತು.
ಅರ್ಧ ಪರೀಕ್ಷೆ ಅಲ್ಲೇ ಮುಗಿಯಿತು.
ಉಳಿದರ್ಧ, ನೀನು ಬಾಯಿ ಮುಚ್ಚಿಕೊಂಡರೆ."

ಶೇವಂತಿ ಹರಿಕಂತ್ರ ಬುಟ್ಟಿ ಹೊರಗಿಟ್ಟು ಬಂದಳು.
ಬಂಗಡೆಯ ವಾಸನೆ ಅವಳಿಗಿಂತ ಮೊದಲು ಮಂಚ ಹತ್ತಿತು.
ಸೊಂಟದಿಂದ ಮೀನಖಂಡದವರೆಗೆ
ಯಾರೋ ಗಾಳದ ದಾರ ಎಳೆದ ಹಾಗೆ, ಎಂದಳು.
ಹೆಬ್ಬೆರಳು ಎತ್ತಿಸಿದೆ, ಕಾಲು ಚಾಚಿಸಿದೆ, ಕೇಳಿದೆ:
ನೋವಿಗೆ ರಾತ್ರಿ ಎಚ್ಚರಾಗುತ್ತದಾ, ತೂಕ ಇಳಿದಿದೆಯಾ, ಜ್ವರ?
ಕೊನೆಯ ಪ್ರಶ್ನೆ ಮುಳ್ಳಾಗಿ ಗಂಟಲಲ್ಲಿ ನಿಂತಿತು.

ಮೂಲೆಯಿಂದ ಲೊಚ್.

ಒಂದಕ್ಕೆ ಬಂದದ್ದು ಗೊತ್ತಾಗುತ್ತದಾ? ಕೂತಾಗ
ಅಡಿಯಲ್ಲಿ ಜೋಮು?
ಶೇವಂತಿ ನಕ್ಕುಬಿಟ್ಟಳು.
"ನಾಲ್ಕು ಹೆತ್ತವಳು ನಾನು, ನೀ ಯಾಕೆ ಕೆಂಪಾಗ್ತೀ?
ಎಲ್ಲ ಗೊತ್ತಾಗ್ತದೆ ಮಾರಾಯ್ತಿ.
ಪೇಟೆಯಲ್ಲಿ ಹೋಗಲಿಕ್ಕೆ ಜಾಗ ಇಲ್ಲ, ಅದೇ ರೋಗ."
ಆಮೇಲೆ, "ಫೋಟೋ ತೆಗಿಯೂದಿಲ್ವಾ?"
ಬೇಡ, ಎಂದೆ.
ಆ ಒಂದು ಶಬ್ದವನ್ನು ಧೈರ್ಯವಾಗಿ ಹೇಳಲು
ಆರು ತಿಂಗಳ ತರಬೇತಿ ಬೇಕಾಯಿತು.
ಬುಟ್ಟಿ ಎತ್ತುವ ಬಗೆ ತೋರಿಸಲು ಹೊರಗೆ ಹೋದೆ.
ಎತ್ತಲಾಗಲಿಲ್ಲ. ಅವಳೇ ತೋರಿಸಿದಳು.

ಆಷಾಢದ ಒಂದು ಬೆಳಿಗ್ಗೆ ಪುರ್ಸು ದುರ್ಗೇಕರ.
ಮೇಡಂ ಬಂದಿರಲಿಲ್ಲ, ಸ್ಟೂಲು ಖಾಲಿ.
ರಂಪಣಿ ಎಳೆದೆಳೆದು ಹಗ್ಗವೇ ಆದ ತೋಳು.
ಎಡ ಭುಜ, ಎಂದ.
ಎತ್ತಿಸಿದೆ, ತಿರುಗಿಸಿದೆ, ಬೆರಳೂರಿ ಒತ್ತಿದೆ.
ಕೀಲು ಎಣ್ಣೆ ಹಾಕಿದ ಬಾಗಿಲು. ಎಲ್ಲೂ ಕಿರುಗುಟ್ಟಲಿಲ್ಲ.
ವ್ಯಾಯಾಮದ ಹಾಳೆ ಡ್ರಾಯರಿನಿಂದ ಅರ್ಧ ಹೊರಗೆ ಬಂದಿತ್ತು.
"ಬಲೆ ಎಳೆಯುವಾಗ ಜಾಸ್ತಿಯಾ?"
"ಬಲೆ ಎಲ್ಲಿ ಬಾಯೀ, ದೋಣಿ ದಡ ಹತ್ತಿ ತಿಂಗಳಾಯ್ತು.
ಈ ಏರು ಹತ್ತುವಾಗ ಬರ್ತದೆ. ನಿಂತರೆ ಹೋಗ್ತದೆ."

ಎಲ್ಲಿಂದಲೋ ಲೊಚ್ ಎಂದಿತು.
ಹಲ್ಲಿಯೋ, ನಾನೋ.

ನಡೆಯಬೇಡಿ, ಎಂದೆ. ಗಾಲಿಕುರ್ಚಿ ನಾನೇ ತಳ್ಳಿದೆ.
ಇಸಿಜಿ ಕಾಗದ ಹೊರಗೆ ಬರುತ್ತಿದ್ದಂತೆ
ಡಾಕ್ಟರರು ಏನೂ ಅನ್ನದೆ ಆಂಬುಲೆನ್ಸಿಗೆ ಫೋನು ಮಾಡಿದರು.
ಪುರ್ಸು ಮಾತ್ರ ಕೇಳುತ್ತಲೇ ಇದ್ದ,
"ಭುಜಕ್ಕೆ ಎಂಥ ಮಾಡ್ತೀರಿ, ಭುಜಕ್ಕೆ?"

ಗುರುವಾರ ಮೇಡಂಗೆ ಎಲ್ಲ ಹೇಳಿದೆ.
ಒಂದು ಶಹಬ್ಬಾಸ್‌ಗಾಗಿ ಕಾದೆ, ಸುಳ್ಳೇಕೆ.
"ಅವನು ಕೂತ ಮೇಲೆ, ಯಾವಾಗ ನೋವು ಅಂತ ಕೇಳಲು
ಎಷ್ಟು ಹೊತ್ತು ಹಿಡಿಯಿತು?"
ಒಂಬತ್ತು ನಿಮಿಷ.
"ಮುಂದಿನ ಸಲ ನಾಲ್ಕು."

ಹೊರಗೆ ಬೆಂಚಿನ ಮೇಲೆ ಏಳು ಜನ.
ಬೆಳಚು ಆರಿಸುವವಳ ಮೊಣಕಾಲು, ರಿಕ್ಷಾದವನ ಕುತ್ತಿಗೆ,
ಯಾರದೆಂದು ಇನ್ನೂ ತಿಳಿಯದ ಕೆಮ್ಮು.
ಚಹಾಕ್ಕೆಂದು ಮೇಡಂ ಎದ್ದರು:
ಎಡಗೈ ಗೋಡೆಗೆ ಊರಿ,
ಹೊಸ್ತಿಲಲ್ಲಿ ಬಲಗಾಲು ಒಂದಿಷ್ಟು ತಡೆದು.

ತಿರುಗಿ ನೋಡಿದರು.
ನಾನು ಬಾಯಿ ಮುಚ್ಚಿಕೊಂಡು ಕಾದೆ.