ಸೊನ್ನಿ ಟಿಕೀಟು

ಶಿರಹಟ್ಟಿಯ ವಸ್ತಿ ಗಾಡಿ, ನಸುಕಿನ ಐದೂವರಿ.
ಕರಿಹಳ್ಳದ ಪೂಲು ಬಂತಂದ್ರ
ಮಾಬುಸಾಬ ಗೇರು ಇಳಸತಾನ, ಹಾರ್ನ್ ಹೊಡಿಯಂಗಿಲ್ಲ.
ಉಳ್ಳಾಗಡ್ಡಿ ಚೀಲದ ಮ್ಯಾಲೆ ಕುಂತ ಹುಡುಗರು ಸೈತ
ಮೊಬೈಲಿನ ಬಾಯಿ ಮುಚ್ಚತಾರ.
"ಅದೀವಿ, ನಾವೂ ಅದೀವಿ" ಅಂತ
ಎದಿ ಮುಟಗೊಂಡು ಎಲ್ಲಾರೂ ಅಂದ ಮ್ಯಾಲೆ
ದಾಟತೈತಿ ಬಸ್ಸು.

ಹೆಸರು ಹಿಡದು ಕರಿಯಂಗಿಲ್ಲ.
ಆಕಿ ಅಂತೀವಿ. ಆಕಿ ಸಿಟ್ಟಿಗೆದ್ದ ದಿನ, ಅವರು.
ಹತ್ತಿ ಬಿಡಸಾಕ ಹೋದಾಕಿ, ತುಂಬಿದ ಉಡಿ ಅಷ್ಟ ಸಿಕ್ತು
ಅಂತಾರ ಕೆಲವರು.
ಹಳ್ಳಕ್ಕೂ ಹಿರಿಯಾಕಿ ಅಂತಾಳ ಫಕ್ಕೀರವ್ವ.
ಫಕ್ಕೀರವ್ವನ ಮನ್ಯಾಗ ರಾತ್ರಿ ಕೊಡ ಬರಿದು ಇಡಂಗಿಲ್ಲ,
ಯಾರೋ ನೀರಡಿಸಿ ಬರತಾರಂತ,
ಮುಂಜಾನಿ ಒಂದು ಬಟ್ಟು ಇಳದಿರತೈತಂತ.
ಇಲಿ ಇರಬೇಕು ಅಂದೆ.
"ಇಲಿಗೂ ನೀರಡಿಕಿ ಇರತೈತವ್ವಾ" ಅಂದ್ಲು.

ನಾನು ಹಾನಗಲ್ಲ ಕಡಿಯಾಕಿ, ಈ ರೂಟಿಗೆ ಹೊಸಾಕಿ.
ಮೊದಲ ದಿನ ಎಣಿಸಿದೆ: ಹೆಣಮಕ್ಕಳು ಹತ್ತೊಂಬತ್ತು.
"ಇಪ್ಪತ್ತು ಹರಿ" ಅಂದ್ಲು ಫಕ್ಕೀರವ್ವ,
ಬಾಗಿಲ ಹತ್ತರದ ಸೀಟು ಸೆರಗಿಲೆ ಒರಸಿ.
"ಆಕಿಗೆ ಆಧಾರ ಕೇಳಬ್ಯಾಡ, ಫೋಟೋದಾಗ ಬರಂಗಿಲ್ಲ."
ಪುಗಸಟ್ಟಿ ಆಗೂಕಿಂತ ಮೊದಲು ಏನು ಮಾಡತಿದ್ರಿ?
"ಪಟ್ಟಿ ಹಾಕಿ ರೊಕ್ಕ ಕೊಡತಿದ್ವಿ.
ಈಗ ಸರಕಾರ ಆಕಿನ್ನೂ ಲೆಕ್ಕಕ್ಕ ತಗೊಂಡೈತಿ."

ಮೊನ್ನೆ ಸೊರಟೂರ ದಾಟಿದ ಮ್ಯಾಲೆ ಚೆಕಿಂಗು.
ಕನ್ನಡಕದ ಸಾಹೇಬ, ಹೊಸಾ ಬೂಟು,
ಬಾಗಿಲದಾಗ ಒಂದು ಕಾಲು ಚಾಚಿ ನಿಂತ.
ಎಣಿಸಿದ. ತಿರುಗಿ ಎಣಿಸಿದ.
ಟಿಕೀಟು ಇಪ್ಪತ್ತು, ತಲಿ ಹತ್ತೊಂಬತ್ತು.
"ಎಲ್ಲಿ ಇನ್ನೊಬ್ಬಾಕಿ?"
ಬೆವತ ಕೈಯಾಗ ಮಷೀನು ಜಾರತಿತ್ತು ನನಗ.
ಹಾಲಿನ ಕ್ಯಾನಿನವರು ಮಾತಾಡಲಿಲ್ಲ,
ಮೆಂತ್ಯದ ಗಂಟಿನವರು ಮಾತಾಡಲಿಲ್ಲ.
ಮಾಬುಸಾಬ ಕನ್ನಡಿಯಾಗ ನೋಡಿ ಅಂದ:
"ಇನ್ನ ಹತ್ತಿಲ್ಲರೀ. ಪೂಲು ಮುಂದೈತಿ."

ಸಾಹೇಬ ಪೆನ್ನಿನ ಟೊಪಿಗಿ ತಗದು ಹಲ್ಲಾಗ ಹಿಡದ.
ಗೇರು ಇಳೀತು.
ಕೈ ಎದಿಗೆ ಹೋದವು, ಒಂದೊಂದ, ಹಿಂದಿನ ಸೀಟಿನತನಕ.
ಎರಿ ಮಣ್ಣಿನ ಹಸಿ ವಾಸನಿ ಒಳಗ ಬಂತು,
ಅದರ ಹಿಂದ
ಎಣ್ಣಿ ಹಚ್ಚಿದ ಕೂದಲದ್ದು.
ಸಾಹೇಬ ಏನೂ ಅನಲಿಲ್ಲ.
ಬೂಟಿನ ಕಾಲು ಮೆಲ್ಲಕ ಒಳಗ ಎಳಕೊಂಡ,
ದಾರಿ ಬಿಟ್ಟ.

ಆದ್ರೂ ಮೆಮೋ ಬಂತು.
ಒಂದು ಟಿಕೀಟು ಹೆಚ್ಚು, ಕಾರಣ ಬರೀರಿ ಅಂತ
ಡಿಪೋದಾಗ ಒಂದ ಗೆರಿ ಖಾಲಿ ಬಿಟ್ಟು ಕೊಟ್ಟಾರ.
ಚಹಾ ಆರಿತು. ಪೆನ್ನು ಹಿಡಕೊಂಡ ಕುಂತೀನಿ.
ಹೆಸರು ಹಿಡದು ಕರಿಯಂಗಿಲ್ಲ.