ಮುತ್ತತ್ತಿ ಕ್ಯಾಂಪು, ಎರಡನೇ ಬೆಳಿಗ್ಗೆ

ಮಂಡ್ಯದಿಂದ ಬಸ್ಸು ತುಂಬ ಬಂದವರು ನಲವತ್ತೊಂದು.
ಹೊಳೆಮತ್ತಿಯ ಬುಡದಲ್ಲಿ ಏಳು ಟೆಂಟು.
ನೀರಿಗಿಳಿಯಬೇಡಿ, ಮೊಸಳೆ ಇದೆ ಅಂತ ಮೂರು ಸಲ ಹೇಳಿದ್ದೆ,
ನಾಲ್ಕನೇ ಸಲ ಹೇಳಬಾರದಿತ್ತು.

ರಾತ್ರಿ ಆನೆ ಘೀಳಿಟ್ಟಿತು,
ಆಚೆ ದಡದಲ್ಲೋ ಈಚೆ ದಡದಲ್ಲೋ.
ಹುಡುಗರೆಲ್ಲ ನಕ್ಕರು. ಆಮೇಲೆ
ಯಾರೂ ನಗಲಿಲ್ಲ.

ಬೆಳಿಗ್ಗೆ ಐದನೇ ಟೆಂಟಿನಲ್ಲಿ ಚಿರಂತ
ಜಮಖಾನದ ಮೇಲೆ ಕೂತೇ ಇದ್ದ,
ಉಪ್ಪಿಟ್ಟು ಆರುತ್ತೆ ಬಾರೋ ಅಂದರೂ ಏಳಲೊಲ್ಲ.
ಮೂಗಿಗೆ ತಿಳಿಯಿತು.

ನೀರಿನ ಕೊಳಗ ಎತ್ತಿಕೊಂಡು ಒಳಗೆ ಹೋದೆ,
ಗೂಟದ ಹಗ್ಗಕ್ಕೆ ಎಡವಿದೆ.
ಇಪ್ಪತ್ತು ವರ್ಷ ಪಿ.ಟಿ. ಹೇಳಿಕೊಟ್ಟ ಕಾಲು,
ಎಡವುವುದು ಅಷ್ಟು ಸುಲಭವಲ್ಲ.
ಆರು ಮಕ್ಕಳ ಹಾಸಿಗೆ, ನನ್ನ ಚೂಡಿದಾರ, ಎಲ್ಲ ಹೊಳೆ.
"ಮಿಸ್ಸಿಗೆ ಕಣ್ ಕಾಣಲ್ವಾ" ಅಂದಿತು ಒಂದು ದನಿ.
ಕಾಣಲ್ಲ ಕಣಪ್ಪ, ಅಂದೆ.

ಬಂಡೆಯ ಮೇಲೆ ಆರು ಜಮಖಾನ.
ಕೋತಿಗಳು ಬಂದು
ಒಂದೊಂದನ್ನೂ ಮೂಸಿ ನೋಡಿದವು,
ಒಂದರ ಹತ್ತಿರ ಸ್ವಲ್ಪ ತಡೆದು.
ಓಡಿಸಿದೆ.

ಹಲಗೂರು ದಾಟಿದ ಮೇಲೆ ಬಸ್ಸಿನಲ್ಲಿ
ಪಕ್ಕಕ್ಕೆ ಬಂದು ಕೂತ. ಕಿಟಕಿಗೆ ಹೇಳಿದ:
"ಬೇಕಂತ್ಲೇ ಬಿದ್ರಿ, ಅಲ್ವಾ ಮಿಸ್."
ಮುಷ್ಟಿಯಲ್ಲಿ ಏನೋ ಇತ್ತು,
ಹೊಳೆಗಲ್ಲಿರಬೇಕು.
ಕೊಡಲಿಲ್ಲ.